ನುಂಗಲಾರದವನಿಗೆ ವಿಷ

ಬಸವಾಪಟ್ಟಣದ ಬಣ್ಣಗಾರ ಬುಡನ್‌ಸಾಬರು ತೀರಿಕೊಂಡಾಗ, ಅವರು ಬಾಯಿಂದ ಒಂದು ತುತ್ತು ನುಂಗಿ ಎರಡು ವರ್ಷದ ಮೇಲಾಗಿತ್ತು. ಸಾವಿರದ ಒಂಬೈನೂರ ಮೂವತ್ತಾರರ ಬೇಸಿಗೆಯಲ್ಲಿ, ಬಣ್ಣದ ಮನೆಯ ಸೆಕೆಯಲ್ಲಿ, ಕಾಸ್ಟಿಕ್ ಸೋಡ ಕರಗಿಸಿಟ್ಟಿದ್ದ ಲೋಟವನ್ನು ನೀರೆಂದು ತಿಳಿದು ಎತ್ತಿ ಕುಡಿದುಬಿಟ್ಟಿದ್ದರು. ಅನ್ನನಾಳ ಸುಟ್ಟು, ಗಾಯ ಮಾಯುತ್ತ ಮಾಯುತ್ತ ಪೂರ್ತಿ ಮುಚ್ಚಿಕೊಂಡಿತು. ಆಗ ಅವರನ್ನು ಎತ್ತಿಕೊಂಡು ಬೆಂಗಳೂರಿಗೆ ಓಡಿದವನು ಹೆಂಡತಿಯ ಅಣ್ಣ, ಹೊನ್ನಾಳಿಯ ಅಮೀರ್‌ಜಾನ್. ಅಲ್ಲಿನ ಸರ್ಜನ್ನರು ಹೊಟ್ಟೆಯ ಎಡಗಡೆ, ಪಕ್ಕೆಲುಬಿನ ಕೆಳಗೆ ತೂತು ಮಾಡಿ, ಜಠರದೊಳಕ್ಕೇ ಒಂದು ರಬ್ಬರ್ ತುಂಡು ಕೂರಿಸಿ ಹೊಲಿದರು. ಅದರ ಹೊರತುದಿಗೆ ಒಂದು ಬಿರಡೆ. ಊಟದ ಹೊತ್ತಿಗೆ ಬಿರಡೆ ತೆಗೆದು, ಎರಡು ಮೊಳದ ಬೇರೊಂದು ರಬ್ಬರ್ ಕೊಳವೆ ಜೋಡಿಸಿ, ಮೇಲೆ ಗಾಜಿನ ಆಲಿಕೆ ಹಿಡಿದು, ಸೋಸಿದ ರಾಗಿ ಗಂಜಿ, ಹಾಲು, ಒಡೆದು ಕಡೆದ ಮೊಟ್ಟೆ ಇಳಿಸಬೇಕು. ದಿನಕ್ಕೆ ಮೂರು ಹೊತ್ತು, ಎರಡು ವರ್ಷ, ಹೆಂಡತಿ ದಿಲ್‌ಶಾದ್ ಬೇಗಂ ಒಂದು ಹೊತ್ತನ್ನೂ ತಪ್ಪಿಸಿರಲಿಲ್ಲ. ರುಚಿಯ ಆಸೆಯಾದಾಗ ಬುಡನ್‌ಸಾಬರು ಕಬ್ಬಿನ ಚೂರು ಜಗಿದು ಉಗುಳುತ್ತಿದ್ದರು.

ಚನ್ನಗಿರಿ ಆಸ್ಪತ್ರೆಯ ಕಾಂಪೌಂಡರ್ ಉಚ್ಚಂಗೆಪ್ಪ ಪ್ರತಿ ಬುಧವಾರ ಬಸ್ಸಿನಲ್ಲಿ ಬಂದು ಆ ತೂತಿನ ಸುತ್ತ ತೊಳೆದು, ಮುಲಾಮು ಹಚ್ಚಿ ಹೋಗುತ್ತಿದ್ದ. ಆ ಬುಧವಾರ ಅವನು ಮನೆ ತಲುಪಿದಾಗ ಮೂರು ಗಂಟೆ. ಹಿತ್ತಲಿನಲ್ಲಿ ಬಟ್ಟೆ ಅದ್ದುವ ನೀಲಿ ತೊಟ್ಟಿಗಳ ಕೊಳೆತ ವಾಸನೆ ಎಂದಿನಂತೆ ಬಾಗಿಲಲ್ಲೇ ಮೂಗಿಗೆ ಬಡಿಯಿತು. ಆದರೆ ಮಂಚದ ಕಡೆಯಿಂದ ಎಂದಿನ ಗೊಗ್ಗರು ದನಿಯ "ಬರ್ರಿ ಕಾಂಪೌಂಡರೇ" ಕೇಳಲಿಲ್ಲ.

"ಊಟ ಆದ ಮ್ಯಾಲೆ ಮಲಗಿದೋರು ಎದ್ದೇ ಇಲ್ಲ ನೋಡ್ರಿ" ಎಂದು ದಿಲ್‌ಶಾದ್ ಬೇಗಂ ಪರದೆಯ ಮರೆಯಿಂದ ಹೇಳಿದಳು. "ಕರೆದ್ರೂ ಓ ಅಂತಿಲ್ಲ."

ಉಚ್ಚಂಗೆಪ್ಪ ಬಗ್ಗಿ ನೋಡಿದ. ಮುಖ ಸೀಸದ ಬಣ್ಣಕ್ಕೆ ತಿರುಗಿತ್ತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ಇಪ್ಪತ್ತು ಎಣಿಸುವಷ್ಟು ಹೊತ್ತು. ರೆಪ್ಪೆ ಬಿಡಿಸಿದರೆ ಕಣ್ಣಪಾಪೆ ಸೂಜಿಯ ಮೊನೆಯಷ್ಟು ಕಿರಿದಾಗಿತ್ತು. ಇಪ್ಪತ್ತು ವರ್ಷ ಔಷಧಿ ಬೆರೆಸಿದವನಿಗೆ ಆ ಪಾಪೆಯ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ಅಫೀಮು. ತನ್ನ ಚೀಲದಲ್ಲಿದ್ದ ಕೊಳವೆಯಿಂದಲೇ ಹೊಟ್ಟೆ ತೊಳೆದ, ಕಾಲು ಉಜ್ಜಿದ, ಕೂಗಿ ಕರೆದ. ಯಾವುದೂ ಫಲಿಸಲಿಲ್ಲ. ಹೊತ್ತು ಮುಳುಗುವ ಮೊದಲೇ ಬುಡನ್‌ಸಾಬರ ಉಸಿರು ನಿಂತಿತು. ನೆರೆಯ ಹೆಂಗಸರು ದಿಲ್‌ಶಾದಳನ್ನು ಹಿಡಿದುಕೊಂಡು ಒಳಕೋಣೆಗೆ ಕರೆದೊಯ್ದರು. ಉಚ್ಚಂಗೆಪ್ಪ ಚನ್ನಗಿರಿಗೆ ಸುದ್ದಿ ಮುಟ್ಟಿಸಲು ಓಡಿದ.

ಮಾರನೆಯ ದಿನ ಡಾಕ್ಟರು ಹೆಣ ಕೊಯ್ದು ನೋಡಿ ಅಫೀಮೆಂದೇ ಹೇಳಿದರು. ಸಬ್ ಇನ್‌ಸ್ಪೆಕ್ಟರ್ ಮುರುಗೇಶಪ್ಪ ಮನೆಯೆಲ್ಲ ಜಾಲಾಡಿದ. ಗಂಜಿಯ ಪಾತ್ರೆಯಲ್ಲಿ ಅಂಟಿ ಉಳಿದಿದ್ದುದರಲ್ಲಿ ವಿಷವಿರಲಿಲ್ಲ. ಕುದಿಸಿ ಆರಿಸಿಟ್ಟ ಕೂಜದ ನೀರೂ ಶುದ್ಧ. ಮಿಕ್ಕ ಗಂಜಿಯನ್ನು ತಾನೇ ಕುಡಿದೆನೆಂದು ದಿಲ್‌ಶಾದ್ ಹೇಳಿದಳು. ಅವಳಿಗೆ ಏನೂ ಆಗಿರಲಿಲ್ಲ. ಕೊನೆಗೆ ಸಿಕ್ಕಿದ್ದು ಬುಡನ್‌ಸಾಬರ ತಮ್ಮ ಖಲಂದರನ ಪೆಟ್ಟಿಗೆಯಲ್ಲಿದ್ದ ಒಂದು ತವರದ ಡಬ್ಬಿ. ಅದರ ತುಂಬ ಅಫೀಮಿನ ಗುಳಿಗೆ.

ಶುಕ್ರವಾರ ಬೆಳಿಗ್ಗೆ ಖಲಂದರ್ ಚನ್ನಗಿರಿಗೆ ಬಂದು ಸಾವಂತ್ರಮ್ಮನ ಜಗಲಿಯ ಮೇಲೆ ಕುಸಿದು ಕೂತ.

ಸಾವಂತ್ರಮ್ಮ ಮೂವತ್ತು ವರ್ಷ ಸರ್ಕಾರಿ ಆಸ್ಪತ್ರೆಯ ಮಿಡ್‌ವೈಫ್ ಆಗಿದ್ದವಳು. ತಾಲ್ಲೂಕಿನಲ್ಲಿ ಅವಳು ಕಾಲಿಡದ ಒಳಮನೆ ಇರಲಿಲ್ಲ. ನ್ಯಾಮತಿಯ ಮದುವೆಮನೆಯಲ್ಲಿ ಕಾಣೆಯಾದ ಹಸುಗೂಸನ್ನು ಒಂದೇ ಹಗಲಲ್ಲಿ ಹುಡುಕಿಕೊಟ್ಟ ಮೇಲಂತೂ, ಪೊಲೀಸರು ಕೈಚೆಲ್ಲಿದ ಮಾತುಗಳೆಲ್ಲ ಅವಳ ಜಗಲಿಗೆ ಬರುತ್ತಿದ್ದವು. ಅಂಥ ಹೊತ್ತಿನಲ್ಲೆಲ್ಲ ಅವಳ ಜೊತೆ ಚೀಲ ಹಿಡಿದು ಹೊರಡುತ್ತಿದ್ದವನು ಉಚ್ಚಂಗೆಪ್ಪ.

"ಅಮ್ಮಾರೆ, ನಾಳೆ ನಾಡಿದ್ದರಾಗೆ ಭಾಬೀನ್ನ ಹಿಡ್ಕೊಂಡು ಹೋಗ್ತಾರಂತೆ" ಎಂದ ಖಲಂದರ್. ಅವನ ಉಗುರುಗಳು ಬಣ್ಣ ಕುಡಿದು ಕಪ್ಪಾಗಿದ್ದವು. "ಅಫೀಮು ನಂದು, ಹಾಕಿದ್ದು ಅವಳು, ಇಬ್ಬರೂ ಕೂಡಿ ಮಾಡೀರಿ ಅಂತಾರೆ. ತೊಟ್ಟಿಯಾಗೆ ನಿಂತು ನಿಂತು ಮಂಡಿನೋವು, ಅದಕ್ಕೆ ಒಂದು ಗುಳಿಗೆ ನುಂಗ್ತೀನಿ. ಅಷ್ಟೇ ನನ್ನ ತಪ್ಪು."

"ಅಣ್ಣಂಗೂ ನಿಂಗೂ ಜಗಳ ಇತ್ತೇನೋ?"

ಖಲಂದರ್ ತಲೆ ತಗ್ಗಿಸಿದ. "ಇತ್ತು. ನಮ್ಮ ಕರಿ ಬಣ್ಣ ಎಷ್ಟು ಒಗೆದ್ರೂ ಬಿಡಾಕಿಲ್ಲ, ನಿಮಗೇ ಗೊತ್ತೈತಲ್ಲ. ಜಗಳೂರಿನ ತಂಕ ಹೋಗ್ತೈತೆ ಆ ಸೀರೆ. ಅದರ ಪಾಕ, ಏನೇನು ಎಷ್ಟೆಷ್ಟು ಹಾಕೋದು ಅಂತ, ಅಣ್ಣ ನಂಗೆ ಹೇಳಿಕೊಟ್ಟಿರಲಿಲ್ಲ. ಕೇಳಿದ್ರೆ, ಹೊತ್ತು ಬರಲಿ ಅನ್ನೋರು. ಇವತ್ತು, ಶುಕ್ರವಾರ, ಜಮಾತಿನ ಹಿರೇರ ಮುಂದೆ ಏನೋ ಹೇಳೋದೈತೆ ಅಂದಿದ್ರು. ಏನಂತ ಹೇಳೋ ಮೊದ್ಲೇ ಹೋದ್ರು."

ಸಾವಂತ್ರಮ್ಮ ಎದ್ದು ಸೆರಗು ಸಿಕ್ಕಿಸಿಕೊಂಡಳು. "ಉಚ್ಚಂಗೆಪ್ಪಾ, ಬಸ್ಸು ಎಷ್ಟೊತ್ತಿಗೈತೆ?"

ಬಸವಾಪಟ್ಟಣದ ಆ ಮನೆ ಮಧ್ಯಾಹ್ನದಲ್ಲೂ ಮಬ್ಬಾಗಿತ್ತು. ಹಗ್ಗದ ಮೇಲೆ ಅದ್ದಿ ಹಾಕಿದ ಕರಿ ಸೀರೆಗಳು ಗಾಳಿಯಿಲ್ಲದೆ ಸತ್ತಂತೆ ಜೋತುಬಿದ್ದಿದ್ದವು. ಅವುಗಳ ನಡುವೆ ನುಗ್ಗಿ ಹೋಗುವಾಗ ಒದ್ದೆ ಬಟ್ಟೆ ಉಚ್ಚಂಗೆಪ್ಪನ ಕೆನ್ನೆಗೆ ತಾಗಿತು. ಈ ಮನೆಯಲ್ಲಿರುವ ಯಾರೋ ಒಬ್ಬರು ಒಂದು ತುತ್ತು ನುಂಗಲೂ ಆಗದ ಮನುಷ್ಯನ ಹೊಟ್ಟೆಗೆ ಸಾವನ್ನು ಸುರಿದಿದ್ದಾರೆ ಎಂಬ ಯೋಚನೆ ಅವನನ್ನು ಬಿಡಲೊಲ್ಲದಾಗಿತ್ತು.

ಜಗಲಿಯಲ್ಲಿ ಅಮೀರ್‌ಜಾನ್ ಕೂತಿದ್ದ. ಐವತ್ತರ ಆಜಾನುಬಾಹು, ಅತ್ತು ಅತ್ತು ಕಣ್ಣು ಕೆಂಪಾಗಿದ್ದವು. ಮಂಗಳವಾರ ಬಂದು ರಾತ್ರಿ ಉಳಿದು, ಬುಧವಾರ ಬೆಳಗಿನ ಮೊದಲ ಬಸ್ಸಿಗೇ ಹೊನ್ನಾಳಿಗೆ ಹೊರಟುಹೋಗಿದ್ದವನು ಸಾವಿನ ಸುದ್ದಿ ಕೇಳಿ ಅಂದೇ ಸಂಜೆ ತಿರುಗಿ ಬಂದಿದ್ದ. ಗಂಡಸರೆಲ್ಲ ಮುಂದಿನ ಕೆಲಸಕ್ಕೆ ಓಡಾಡುತ್ತಿದ್ದಾಗ ಹೆಣದ ಪಕ್ಕ ಒಬ್ಬನೇ ಕೂತಿದ್ದವನು ಅವನೇ.

"ನನ್ನ ತಂಗಿ ಬೇಕಂತ ಮಾಡಿರಾಕಿಲ್ಲ, ಅಮ್ಮಾರೆ" ಎಂದ. "ಏನೋ ಅಚಾತುರ್ಯ ಆಗೈತೆ. ಆ ಕೊಳವೇನೂ ಹಳೇದಾಗಿ ಬಿರಿದುಹೋಗಿತ್ತು. ದಾವಣಗೆರೆಗೆ ಹೋದಾಗ ಹೊಸದು ತಂದುಕೊಡ್ತೀನಿ ಅಂತ ಮಾಡಿದ್ದೆ. ಅದೂ ಆಗಲಿಲ್ಲ ನನ್ನ ಕೈಲಿ."

ಮಂಚದ ಮೂಲೆಯಲ್ಲಿ ಹಿತ್ತಾಳೆ ತಟ್ಟೆಯೊಂದು ಇತ್ತು. ಮುರುಗೇಶಪ್ಪ ಅದನ್ನು ಯಾರೂ ಮುಟ್ಟದಂತೆ ಕಾವಲಿಟ್ಟಿದ್ದ. ಅದರಲ್ಲಿ ಗಾಜಿನ ಆಲಿಕೆ, ಕೆಂಪು ರಬ್ಬರ್ ಕೊಳವೆ, ಮಡಿಸಿದ ಬಿಳಿ ಬಟ್ಟೆ. ಸಾವಂತ್ರಮ್ಮ ಕೊಳವೆಯನ್ನು ಬೆಳಕಿಗೆ ಹಿಡಿದಳು. ನಡುವೆ ಉಗುರುದ್ದದ ಬಿರುಕು. ಅದರ ಸುತ್ತ ದಾರ ಸುತ್ತಿತ್ತು.

"ಇದು ಸೋರ್ತಿರಲಿಲ್ಲೇನೋ?"

"ಸೋರ್ತಿತ್ತಮ್ಮ" ಎಂದ ಉಚ್ಚಂಗೆಪ್ಪ. "ಹೋದ ವಾರ ನಾನೇ ಹೇಳಿದ್ದೆ, ಬದಲಾಯಿಸ್ರಿ ಅಂತ. ಆಕೆ ಹೊತ್ತಿಗೊಂದು ಒಗೆದ ಬಟ್ಟೆ ತಗೊಂಡು ಬಿರುಕಿನ ಮ್ಯಾಲೆ ಸುತ್ತಿ ಹಿಡಿಯೋರು. ಊಟ ಮುಗಿಯೋದ್ರಾಗೆ ಅದು ಗಂಜಿ ಕುಡಿದು ತೊಪ್ಪೆಯಾಗಿರ್ತಿತ್ತು."

ಸಾವಂತ್ರಮ್ಮ ಬಟ್ಟೆಯನ್ನು ಬಿಡಿಸಿದಳು. ಮಡಿಕೆಯ ಗೆರೆಗಳು ಹಾಗೇ ಇದ್ದವು. ಒಂದು ಕಲೆಯಿಲ್ಲ, ಹುಳಿ ವಾಸನೆಯಿಲ್ಲ. ಅವಳು ಅದನ್ನು ಮತ್ತೆ ಮಡಿಸಿಟ್ಟಳು. ಆಮೇಲೆ ದಿಂಬಿನ ಕೆಳಗೆ ಕೈಯಾಡಿಸಿದಳು. ಅಂಗೈ ಅಗಲದ ಎರಡು ಕರಿ ಬಟ್ಟೆಯ ತುಂಡುಗಳೂ ಒಂದು ಬಿಳಿ ಕರವಸ್ತ್ರವೂ ಸಿಕ್ಕವು. ಎರಡು ತುಂಡುಗಳನ್ನೂ ನೀರಲ್ಲಿ ಅದ್ದಿ ಕರವಸ್ತ್ರದಿಂದ ಉಜ್ಜಿದಳು. ಬಿಳಿ ಬಿಳಿಯಾಗೇ ಉಳಿಯಿತು.

ಖಲಂದರ್ ತುಂಡುಗಳನ್ನು ತಿರುಗಿಸಿ ನೋಡಿದ. "ಇದು ನಮ್ಮದು. ಇದು ನಮ್ಮದಲ್ಲ, ಅಂಚು ಹೊನ್ನಾಳಿ ಮಗ್ಗದ್ದು." ಅವನು ಹುಬ್ಬು ಗಂಟಿಕ್ಕಿದ. "ಆದ್ರೆ ಬಣ್ಣ ಮಾತ್ರ ನಮ್ಮದೇ. ಇದು ಹೆಂಗೆ?"

ಸಾವಂತ್ರಮ್ಮ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅರ್ಧ ಗಂಟೆ ದಿಲ್‌ಶಾದಳ ಜೊತೆ ಮಾತು ನಡೆಯಿತು. ಹೊರಗೆ ನಿಂತ ಉಚ್ಚಂಗೆಪ್ಪನಿಗೆ ಒಂದು ಅಕ್ಷರವೂ ಕೇಳಲಿಲ್ಲ. ಅವಳು ಹೊರಗೆ ಬಂದಾಗ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು.

ಬಸ್ಸು ನಿಲ್ಲುವಲ್ಲಿಗೆ ಬಂದ ಮೇಲೆ ಅವಳು, "ನಾಳೆ ದಾವಣಗೆರೆಗೆ ಹೋಗು. ಔಷಧಿ ಅಂಗಡಿಗಳಾಗೆ ಕೇಳು, ಈ ಹದಿನೈದು ದಿನದಾಗೆ ರಬ್ಬರ್ ಕೊಳವೆ ಯಾರು ಕೊಂಡ್ರು ಅಂತ. ಕೊಟ್ಟೋನು ಸಿಕ್ಕರೆ ಭಾನುವಾರ ಕರಕೊಂಡು ಬಾ" ಎಂದಳು.

"ಕೊಳವೆ ಇಲ್ಲೇ ಐತಲ್ಲಮ್ಮ?"

"ಐತೆ. ಅದಕ್ಕೇ ಕೇಳು ಅಂದಿದ್ದು."

ಭಾನುವಾರ ಹೊತ್ತು ಇಳಿಯುವ ಮುಂಚೆ ಬಣ್ಣದ ಮನೆಯ ಅಂಗಳದಲ್ಲಿ ಎಲ್ಲರೂ ಸೇರಿದರು. ಜಮಾತಿನ ಹಿರಿಯರು ನಾಲ್ಕು ಜನ ಚಾಪೆಯ ಮೇಲೆ, ಮುರುಗೇಶಪ್ಪ ಕುರ್ಚಿಯ ಮೇಲೆ, ಖಲಂದರ್ ಮತ್ತು ಅಮೀರ್‌ಜಾನ್ ಎದುರುಬದುರು. ಬಾಗಿಲ ಪರದೆಯ ಹಿಂದೆ ದಿಲ್‌ಶಾದ್. ಉಚ್ಚಂಗೆಪ್ಪ ದಾವಣಗೆರೆಯ ಅಂಗಡಿಯ ದಾಸಪ್ಪನನ್ನು ಕರೆತಂದು ಹೊರಗಿನ ಕಟ್ಟೆಯ ಮೇಲೆ ಕೂರಿಸಿದ್ದ.

"ಅಮ್ಮಾರೆ, ನನ್ನ ಲೆಕ್ಕ ಸರಳ" ಎಂದ ಮುರುಗೇಶಪ್ಪ. "ಮನುಷ್ಯ ಏನೂ ನುಂಗಾಕಿಲ್ಲ. ಹೊಟ್ಟೆಗೆ ಹೋಗೋದೆಲ್ಲ ಹೆಂಡತಿ ಕೈಯಿಂದ. ಅಫೀಮು ಮೈದುನನ ಡಬ್ಬಿಯಾಗೆ ಐತೆ. ಇನ್ನೇನು ಬೇಕು?"

"ಗಂಜಿಯಾಗೆ ವಿಷ ಇತ್ತೇನ್ರಿ?"

"ಇರಲಿಲ್ಲ."

"ನೀರಾಗೆ?"

"ಅದ್ರಾಗೂ ಇರಲಿಲ್ಲ. ಆಮೇಲೆ ಪಾತ್ರೆ ತೊಳೆದು ಬೇರೆ ಗಂಜಿ ಹಾಕಿಟ್ಟಿರಬಹುದು."

"ಅಷ್ಟು ಜಾಣೆ ಆಗಿದ್ರೆ ಮೈದುನನ ಡಬ್ಬೀನ ಪೆಟ್ಟಿಗೆಯಾಗೆ ಬಿಡ್ತಿದ್ದಳೇ?" ಎಂದಳು ಸಾವಂತ್ರಮ್ಮ. "ನೀವು ಆಕೇನ್ನ ಹತ್ತು ಸಲ ಕೇಳಿದ್ರಿ, ಏನು ಹಾಕಿದೆ ಅಂತ. ಯಾವುದರಿಂದ ಹಾಕಿದೆ ಅಂತ ಒಂದು ಸಲಾನೂ ಕೇಳಲಿಲ್ಲ. ತಟ್ಟೆಯಾಗಿದ್ದದ್ದು ಬಿರಿದ ಕೊಳವೆ. ಅದನ್ನ ಬಳಸಿದ್ರೆ ಬಟ್ಟೆಗೆ ಗಂಜಿ ಕಲೆ ಆಗಲೇಬೇಕು. ಬುಧವಾರ ಮಧ್ಯಾಹ್ನದ ಬಟ್ಟೆ ಮಡಿಕೆ ಬಿಚ್ಚದೆ, ಒಂದು ಕಲೆ ಇಲ್ಲದೆ ಇತ್ತು. ಅಂದ್ರೆ ಆವತ್ತು ಗಂಜಿ ಇಳಿದದ್ದು ಬಿರುಕಿಲ್ಲದ ಬೇರೆ ಕೊಳವೆಯಾಗೆ. ಆ ಕೊಳವೆ ಎಲ್ಲೈತೆ?"

ಉಚ್ಚಂಗೆಪ್ಪನಿಗೆ ತನ್ನ ಕೆನ್ನೆಗೇ ಹೊಡೆದುಕೊಳ್ಳಬೇಕೆನ್ನಿಸಿತು. ಆ ಬಟ್ಟೆಯನ್ನು ಅವನೂ ನೋಡಿದ್ದ.

ಸಾವಂತ್ರಮ್ಮ ಸೆರಗಿನ ಗಂಟು ಬಿಚ್ಚಿದಳು. ಅದರಲ್ಲಿದ್ದುದು ಗೇಣುದ್ದದ ಕಪ್ಪು ರಬ್ಬರ್ ತುಂಡು.

"ಹೊಸ ಕೊಳವೆ ಉದ್ದ ಆಯಿತು ಅಂತ ದಿಲ್‌ಶಾದ್ ಕತ್ತರಿಯಿಂದ ಒಂದು ಗೇಣು ಕತ್ತರಿಸಿದ್ಲು. ರಬ್ಬರು ಸುಲಭಕ್ಕೆ ಸಿಗೋ ಪದಾರ್ಥ ಅಲ್ಲ, ಇರಲಿ ಅಂತ ಸೂಜಿ ದಾರದ ಡಬ್ಬಿಯಾಗೆ ಹಾಕಿಟ್ಟಿದ್ಲು. ಕೊಂದೋನಿಗೆ ಈ ಸಂಗತಿ ಗೊತ್ತಿಲ್ಲ. ಮುರುಗೇಶಪ್ಪನೋರೆ, ಒಳಗೆ ಒಂದು ಕಡ್ಡಿ ಆಡಿಸಿ ನೋಡ್ರಿ."

ಮುರುಗೇಶಪ್ಪ ಕಡ್ಡಿ ಆಡಿಸಿದ. ತುದಿಗೆ ಕಂದು ಬಣ್ಣದ ಅಂಟು ಮೆತ್ತಿಕೊಂಡು ಬಂತು. ಮೂಸಿದವನು ಮುಖ ಹಿಂದೆಳೆದುಕೊಂಡ.

"ಅಂಗಡಿಯಾಗೆ ಯಾರಿಗಾದ್ರೂ ಸಿಗೋ ಅಫೀಮನ್ನ ಅಂಟಿನ ಹಂಗೆ ಅರೆದು, ದಾರಕ್ಕೆ ಕಟ್ಟಿದ ಬಟ್ಟೆಗೆ ಬಳಿದು, ಈ ತುದಿಯಿಂದ ಆ ತುದಿಗೆ ಎಳೆದಿದ್ದಾನೆ. ಒಳಗೆಲ್ಲ ಮೆತ್ತಿಕೊಂಡೈತೆ. ಬಿಸಿ ಗಂಜಿ ನಿಧಾನಕ್ಕೆ ಇಳಿದಂಗೆ ಅದು ಕರಗಿ ಸೀದಾ ಹೊಟ್ಟೆಗೆ ಹೋಯಿತು. ಪಾತ್ರೆಯಾಗೆ ವಿಷ ಇಲ್ಲ, ಕೂಜದಾಗೂ ಇಲ್ಲ, ಮಿಕ್ಕಿದ್ದು ಕುಡಿದ ಹೆಂಡತಿಗೆ ಏನೂ ಇಲ್ಲ. ಬಾಯಿಂದ ಉಣ್ಣೋರಾಗಿದ್ರೆ ಆ ಕಹಿ ನಾಲಿಗೆಗೆ ತಾಗಿದ ಕೂಡ್ಲೇ ಉಗುಳ್ತಿದ್ರು. ಇವರಿಗೆ ಆ ಭಾಗ್ಯಾನೂ ಇರಲಿಲ್ಲ. ವಾಸನೆ ಅಂತೀರೇನು? ಈ ತೊಟ್ಟಿಗಳ ನಡುವೆ ಯಾವ ವಾಸನೆ ಗೊತ್ತಾದೀತು?"

"ಹಂಗಾದ್ರೆ ಆ ಹೊಸ ಕೊಳವೆ ಎಲ್ಲಿ ಹೋಯಿತು?" ಎಂದು ಹಿರಿಯರೊಬ್ಬರು ಕೇಳಿದರು.

"ಸತ್ತ ಮ್ಯಾಲೆ ಅದನ್ನ ಎತ್ತಿಕೊಂಡು ಹಳೇದನ್ನ ತಟ್ಟೆಗೆ ಇಟ್ಟಿದ್ದಾರೆ. ಯಾರು? ದಿಲ್‌ಶಾದ್ ಒಳಗೆ ಹೆಂಗಸರ ಕೈಯಾಗಿದ್ಲು. ಖಲಂದರ್ ಜನ ಕರೆಯಾಕೆ ಊರೆಲ್ಲ ಸುತ್ತುತ್ತಿದ್ದ. ಹೆಣದ ಪಕ್ಕ ಒಬ್ಬರೇ ಕೂತಿದ್ದೋರು ನೀವು, ಅಮೀರ್‌ಜಾನ್ ಸಾಬರೆ."

ಅಮೀರ್‌ಜಾನ್ ನಿಧಾನವಾಗಿ ತಲೆಯೆತ್ತಿದ. "ನಾನು ಬೆಂಗಳೂರಿಗೆ ಹೊತ್ತುಕೊಂಡು ಹೋಗಿ ಉಳಿಸಿದ ಮನುಷ್ಯ ಅಮ್ಮಾ ಅದು."

"ಹೌದು, ನೀವೇ ಉಳಿಸಿದ್ದು. ಆಪರೇಷನ್ನಿನ ಹಿಂದಿನ ದಿನ, ಬದುಕ್ತೀನೋ ಇಲ್ಲವೋ ಅಂತ ಅವರು ಕರಿ ಬಣ್ಣದ ಪಾಕ ನಿಮಗೊಬ್ಬರಿಗೇ ಹೇಳಿದ್ರು. ನಾನು ಸತ್ತರೆ ತಮ್ಮನಿಗೆ ತಲುಪಿಸು ಅಂತ. ಇದು ನಾನು ಊಹೆ ಮಾಡಿದ್ದಲ್ಲ, ಪಕ್ಕದಾಗೆ ಕೂತಿದ್ದ ನಿಮ್ಮ ತಂಗಿ ಹೇಳಿದ್ದು. ಅವರು ಬದುಕಿದ್ರು. ನೀವು ಹೊನ್ನಾಳಿಯಾಗೆ ಬಣ್ಣದ ಮನೆ ಹೂಡಿ, ಇದು ನಮ್ಮಪ್ಪನ ಕಾಲದ ಪಾಕ ಅಂತ ಹೇಳಿಕೊಂಡ್ರಿ. ಹೋದ ತಿಂಗಳು ಯಾರೋ ನಿಮ್ಮ ಸೀರೆ ತುಂಡು ತಂದು ಅವರ ಕೈಗೆ ಕೊಟ್ಟಿದ್ದಾರೆ. ಎರಡನ್ನೂ ಒದ್ದೆ ಮಾಡಿ ಉಜ್ಜಿ ನೋಡಿದ್ದಾರೆ. ಶುಕ್ರವಾರ ಜಮಾತಿನ ಮುಂದೆ ಹೇಳಬೇಕು ಅಂದಿದ್ದು ಅದನ್ನ. ಮಂಗಳವಾರ ನೀವು ಬಂದಾಗ ನಿಮಗೇ ಮೊದಲು ಹೇಳಿರಬೇಕು. ಆದ್ರೆ ಅವರು ಹೇಳೋಕೆ ಮುಂಚೇನೇ ಆ ತುಂಡಿನ ಸುದ್ದಿ ನಿಮಗೆ ಮುಟ್ಟಿತ್ತು, ಕೊಳವೆ ನಿಮ್ಮ ಚೀಲದಾಗಿತ್ತು."

"ಎಲ್ಲಾ ಸುಳ್ಳು" ಎಂದ ಅಮೀರ್‌ಜಾನ್. "ನಾನು ಯಾವ ಕೊಳವೇನೂ ತಂದಿಲ್ಲ."

ಸಾವಂತ್ರಮ್ಮ ಬಾಗಿಲ ಕಡೆ ಕೈ ಮಾಡಿದಳು. ದಾಸಪ್ಪ ಒಳಗೆ ಬಂದು, ಸೇರಿದವರ ಮುಖಗಳ ಮೇಲೆ ಕಣ್ಣಾಡಿಸಿ, ಅಮೀರ್‌ಜಾನನ ಎದುರು ನಿಂತ. "ಇವರೇ ಸ್ವಾಮಿ. ಹೋದ ಸೋಮವಾರ ಕರೇ ಕೊಳವೆ ಎರಡೂವರೆ ಮೊಳ ಕೊಂಡ್ರು. ಉಗುರು ಕಪ್ಪಗಿದ್ವು, ಏನು ಕಾಯಿಲೆ ಅಂತ ನಾನೇ ಕೇಳಿದ್ದೆ. ಬಣ್ಣದ ಕೆಲಸ ಅಂದ್ರು."

"ಕೊಂಡಿದ್ದೆ" ಎಂದ ಅಮೀರ್‌ಜಾನ್. "ನನ್ನ ತೊಟ್ಟಿ ಕೆಲಸಕ್ಕೆ ಕೊಂಡಿದ್ದೆ. ಇಲ್ಲಿಗೆ ತಂದಿಲ್ಲ. ತಂದೆ ಅಂತ ಯಾರು ಹೇಳ್ತಾರೆ?"

ಪರದೆ ಸರಿಯಿತು. ದಿಲ್‌ಶಾದ್ ಬೇಗಂ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ಅಷ್ಟು ಜನ ಗಂಡಸರ ಎದುರು ಅವಳು ಹಾಗೆ ನಿಂತದ್ದು ಅದೇ ಮೊದಲು.

"ಭಾಯಿಜಾನ್" ಎಂದಳು. ದನಿ ಏರಿರಲಿಲ್ಲ. "ನಾನು ಕುದಿಸಿ ಹಾಕ್ತೀನಿ ಅಂದೆ. ಬ್ಯಾಡ, ನಾನೇ ಕುದಿಸಿ ತಂದೀನಿ, ಮಧ್ಯಾಹ್ನದಿಂದ ಇದನ್ನೇ ಹಾಕು ಅಂದ್ಯಲ್ಲ? ಎಷ್ಟು ಕಾಳಜಿ ನನ್ನ ಅಣ್ಣಂಗೆ ಅಂದುಕೊಂಡೆ. ನನ್ನ ಕೈಲಿ ಯಾಕೆ ಮಾಡಿಸಿದೆ? ಅದೊಂದು ಹೇಳು."

ಅಮೀರ್‌ಜಾನ್ ಕುಸಿದ. ಅವನ ದೊಡ್ಡ ದೇಹ ಚಾಪೆಯ ಮೇಲೆ ಮುಂದಕ್ಕೆ ಬಾಗಿತು, ಹಣೆ ನೆಲಕ್ಕೆ ತಾಗಿತು.

"ಕಾಯಿಲೆ ಮನುಷ್ಯ, ನಿದ್ದೆಯಾಗೆ ಹೋದ ಅಂದುಕೊಳ್ತಾರೆ ಅಂದುಕೊಂಡಿದ್ದೆ" ಎಂದ ಕೊನೆಗೆ. "ನಿನ್ನ ತಲೆ ಮ್ಯಾಲೆ ಬರ್ತೈತೆ ಅಂತ ಅಲ್ಲಾನ ಆಣೆ ಗೊತ್ತಿರಲಿಲ್ಲ. ಊರಿಗೂರೇ ನನ್ನನ್ನ ಉಸ್ತಾದ್ ಅಂತಿತ್ತು, ದಿಲ್‌ಶಾದ್. ಕಳ್ಳ ಅನ್ನಿಸಿಕೊಂಡು ಹೆಂಗೆ ತಿರುಗಾಡಲಿ?"

"ಗೊತ್ತಾದ ಮ್ಯಾಲೆ?" ಎಂದಳು ಸಾವಂತ್ರಮ್ಮ. "ನಾಲ್ಕು ದಿನ ಆಕೇನ್ನ ಪೊಲೀಸರು ಹುರಿದು ಮುಕ್ಕಿದ್ರು. ನೀವು ಜಗಲಿ ಮ್ಯಾಲೆ ಕೂತು ಕೇಳ್ತಾ ಇದ್ರಿ."

ಮುರುಗೇಶಪ್ಪ ಎದ್ದು ಬಂದು ಅವನ ರಟ್ಟೆಗೆ ಕೈಹಾಕಿದ. ಹಗ್ಗದ ಮೇಲಿನ ಕರಿ ಸೀರೆಗಳ ನಡುವೆ ಇಬ್ಬರೂ ಹಾದುಹೋದರು. ದಿಲ್‌ಶಾದ್ ಅತ್ತ ನೋಡದೆ ಪರದೆ ಎಳೆದುಕೊಂಡಳು. ಆ ಕೊಳವೆಯ ಉಳಿದ ಭಾಗ ಮರುದಿನ ಹೊನ್ನಾಳಿಯಲ್ಲಿ ಅವನ ತೊಟ್ಟಿಯ ತಳದಲ್ಲಿ ಸಿಕ್ಕಿತು.

ನಾಲ್ಕು ತಿಂಗಳ ಮೇಲೆ ಶಿವಮೊಗ್ಗೆಯ ಸೆಷನ್ಸ್ ಕೋರ್ಟಿನಲ್ಲಿ ವಿಚಾರಣೆ ನಡೆಯಿತು. ದಿಲ್‌ಶಾದ್ ಬೇಗಂ ಒಂದು ಕಡೆಯೂ ತಡವರಿಸದೆ ಎಲ್ಲವನ್ನೂ ಹೇಳಿದಳು. ಕಟಕಟೆಯಲ್ಲಿದ್ದ ಅಣ್ಣನ ಕಡೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಹೊರಗೆ ಬಂದು ಹೊಂಗೆ ಮರದ ಕೆಳಗೆ ಕೂತಾಗ ಉಚ್ಚಂಗೆಪ್ಪ ಒಂದು ಲೋಟ ನೀರು ತಂದುಕೊಟ್ಟ. ಅವಳು ಕುಡಿಯದೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಕಾಂಪೌಂಡರ್ ಸಾಹೇಬ್ರೆ, ನೀವು ಔಷಧಿ ತಿಳಿದೋರು. ಒಂದು ಕೇಳ್ಲಾ?"

"ಕೇಳ್ರಿ ತಾಯಿ."

"ಅವರಿಗೆ ನೋವಾಯಿತಾ?"

"ಇಲ್ಲ. ಅಫೀಮಿನಾಗೆ ನೋವಿಲ್ಲ. ನಿದ್ದೆ ಬಂತು, ಅಷ್ಟೇ."

ಸಾವಂತ್ರಮ್ಮ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಆವತ್ತು ಎರಡು ಮೊಟ್ಟೆ ಹಾಕಿದ್ದೆ" ಎಂದಳು ದಿಲ್‌ಶಾದ್. "ಹೊಟ್ಟೆ ತುಂಬಿತ್ತಲ್ಲ ಅವರಿಗೆ? ಹಸಿದು ಹೋಗಲಿಲ್ಲ ಅಲ್ವಾ?"

"ತುಂಬಿತ್ತು ತಾಯಿ" ಎಂದ ಉಚ್ಚಂಗೆಪ್ಪ. ಆಗ ಅವಳು ನೀರು ಕುಡಿದಳು.